ಉಪಗ್ರಹ ಚಿತ್ರ, ಡಿಜಿಟಲ್ ನಕ್ಷೆ ಮತ್ತು ನೀರಿನ ಕಾವಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ, ನದಿ, ಜಲಾಶಯ, ಅಂತರ್ಜಲಗಳ ಮೇಲೆ ಕಣ್ಣಿಡಲು ಉಪಗ್ರಹದ ಚಿತ್ರಗಳನ್ನು ಬಳಸಹೊರಟವರಿಗೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಉಪಗ್ರಹ ನೋಡುವುದು ನೀರಿನ ಮೈಯನ್ನು, ಒಡಲನ್ನಲ್ಲ. ಮೈ ನೋಡಿ ಒಡಲಿನ ಲೆಕ್ಕ ಹಾಕಬೇಕಾದರೆ ನೆಲದ ಮೇಲೆ ನಿಂತು ಅಳೆದ ಒಂದಷ್ಟು ಅಂಕಿಗಳು ಬೇಕೇ ಬೇಕು.

ಉಪಗ್ರಹಕ್ಕೆ ನೀರು ಬೇರೆಯಾಗಿ ಕಾಣುವುದು ಹೇಗೆ?

ನೀರು ಬೆಳಕನ್ನು ನುಂಗುವ ರೀತಿಯಿಂದ. ತಿಳಿನೀರು ನೀಲಿ ಮತ್ತು ಹಸಿರು ಬೆಳಕನ್ನು ಸ್ವಲ್ಪ ಹಿಂದಕ್ಕೆ ಕಳಿಸುತ್ತದೆ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಹುತೇಕ ನುಂಗಿಬಿಡುತ್ತದೆ. ಗಿಡಮರಗಳದ್ದು ಇದಕ್ಕೆ ತದ್ವಿರುದ್ಧ. ಹಸಿ ಎಲೆ ಅವಗೆಂಪಿನಲ್ಲಿ ಥಳಥಳ ಹೊಳೆಯುತ್ತದೆ. ಈ ವ್ಯತ್ಯಾಸವನ್ನು ಒಂದು ಸಣ್ಣ ಭಾಗಾಕಾರಕ್ಕೆ ಇಳಿಸಿದರೆ ಸಿಗುವುದೇ ಎನ್‌ಡಿಡಬ್ಲ್ಯುಐ ಸೂಚ್ಯಂಕ. ಹಸಿರು ಬ್ಯಾಂಡಿನ (ಹಸಿರು ಬೆಳಕನ್ನಷ್ಟೇ ಅಳೆದ ಪದರ) ಬೆಲೆಯಿಂದ ಸಮೀಪ ಅವಗೆಂಪಿನ (ಕೆಂಪಿಗೆ ಹತ್ತಿರದ ಅವಗೆಂಪು) ಬೆಲೆಯನ್ನು ಕಳೆಯಿರಿ, ಬಂದದ್ದನ್ನು ಎರಡರ ಮೊತ್ತದಿಂದ ಭಾಗಿಸಿ. ಉತ್ತರ −1ರಿಂದ +1ರ ನಡುವೆ ಇರುತ್ತದೆ. ನೀರಿಗೆ ಸಾಮಾನ್ಯವಾಗಿ ಧನ ಸಂಖ್ಯೆ, ನೆಲಕ್ಕೂ ಗಿಡಕ್ಕೂ ಋಣ ಸಂಖ್ಯೆ.

ಯಾವ ಉಪಗ್ರಹದ ಚಿತ್ರ ತೆಗೆದುಕೊಳ್ಳಬೇಕು? ದುಡ್ಡು ಕೊಡಬೇಕೆ?

ಹೆಚ್ಚಿನ ಕೆಲಸಕ್ಕೆ ಒಂದು ಪೈಸೆಯೂ ಬೇಡ. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಪಿಕ್ಸೆಲ್‌ನಲ್ಲಿ (ಪಿಕ್ಸೆಲ್ ಎಂದರೆ ಚಿತ್ರದ ಅತಿ ಸಣ್ಣ ಚೌಕ), ಎರಡು ಸೇರಿ ಐದು ದಿನಕ್ಕೊಮ್ಮೆ, ಒಂದೇ ಜಾಗದ ಚಿತ್ರ ಕೊಡುತ್ತವೆ. ಇವು 2015ರಿಂದ ಸಿಗುತ್ತವೆ. ಅದಕ್ಕೂ ಹಿಂದಿನ ಕಾಲ ಬೇಕಾದರೆ ಲ್ಯಾಂಡ್‌ಸ್ಯಾಟ್. ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರಲ್ಲಿ, ಆದರೆ 30 ಮೀಟರ್ ಪಿಕ್ಸೆಲ್‌ನ ಚಿತ್ರಗಳು 1982ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 4ರ ಕಾಲದಿಂದ ಸಿಗುತ್ತವೆ. ಈಗ ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ ಎಂಟು ದಿನಕ್ಕೊಮ್ಮೆ ಬರುತ್ತವೆ. ಮೋಡ ಕವಿದ ತಿಂಗಳುಗಳಿಗೆ ಸೆಂಟಿನೆಲ್-1ರ ರಾಡಾರ್ ಇದೆ.

ಸೆಂಟಿನೆಲ್ ಚಿತ್ರಗಳು ಕೊಪರ್ನಿಕಸ್ ಡೇಟಾ ಸ್ಪೇಸ್ ತಾಣದಲ್ಲಿ, ಲ್ಯಾಂಡ್‌ಸ್ಯಾಟ್ ಚಿತ್ರಗಳು ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆಯ ಅರ್ಥ್‌ಎಕ್ಸ್‌ಪ್ಲೋರರ್‌ನಲ್ಲಿ ಸಿಗುತ್ತವೆ. ಎರಡಕ್ಕೂ ಖಾತೆ ತೆರೆದರೆ ಸಾಕು. ನಕ್ಷೆಯ ಕೆಲಸಕ್ಕೆ ಕ್ಯೂಜಿಐಎಸ್ ತಂತ್ರಾಂಶ ಉಚಿತ. ಮೂರು ಮೀಟರ್ ಅಥವಾ ಅದಕ್ಕಿಂತ ಸೂಕ್ಷ್ಮವಾದ ಖಾಸಗಿ ಚಿತ್ರಗಳನ್ನು ಕೊಳ್ಳುವ ಮೊದಲು, ನಿಮ್ಮ ಪ್ರಶ್ನೆಗೆ 10 ಮೀಟರ್ ನಿಜವಾಗಿಯೂ ಸಾಲುವುದಿಲ್ಲವೇ ಎಂದು ಒಮ್ಮೆ ಪರೀಕ್ಷಿಸಿ ನೋಡಿ. ಎಷ್ಟೋ ಸಲ ಸಾಲುತ್ತದೆ.

ನಮ್ಮ ಕೆರೆ ಬರೀ ಎರಡು ಹೆಕ್ಟೇರು. ಅದು ಕಾಣುತ್ತದೆಯೆ?

ಕಾಣುತ್ತದೆ, ಆದರೆ ಲೆಕ್ಕದಲ್ಲಿ ಎಚ್ಚರ ಬೇಕು. 10 ಮೀಟರ್ ಪಿಕ್ಸೆಲ್ ಎಂದರೆ 100 ಚದರ ಮೀಟರ್. ನೂರು ಪಿಕ್ಸೆಲ್ ಸೇರಿದರೆ ಒಂದು ಹೆಕ್ಟೇರು. ಎರಡು ಹೆಕ್ಟೇರಿನ ಚೌಕಾಕಾರದ ಕೆರೆ ಸುಮಾರು 14 ಪಿಕ್ಸೆಲ್ ಉದ್ದ, 14 ಪಿಕ್ಸೆಲ್ ಅಗಲ, ಒಟ್ಟು 196 ಪಿಕ್ಸೆಲ್. ಇದರಲ್ಲಿ ಅಂಚಿನವು 52, ಅಂದರೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಂಚಿನ ಪ್ರತಿ ಪಿಕ್ಸೆಲ್‌ನಲ್ಲೂ ಒಂದಿಷ್ಟು ನೀರು, ಒಂದಿಷ್ಟು ದಡ. ಅವನ್ನು ಯಾವ ಕಡೆ ಹಾಕುತ್ತೀರಿ ಎನ್ನುವುದರ ಮೇಲೆ ಉತ್ತರ ಅತ್ತಿತ್ತ ತೂಗುತ್ತದೆ. ಉದ್ದಕ್ಕೆ, ಕಿರಿದಾಗಿ ಚಾಚಿದ ಕೆರೆಯಲ್ಲಿ ಅಂಚಿನ ಪಾಲು ಇನ್ನೂ ಹೆಚ್ಚು.

ಅದೇ ಕೆರೆಯನ್ನು ಲ್ಯಾಂಡ್‌ಸ್ಯಾಟ್‌ನಲ್ಲಿ ನೋಡಿದರೆ ಸಿಗುವುದು ಸುಮಾರು 22 ಪಿಕ್ಸೆಲ್. ಅಷ್ಟರಲ್ಲಿ ನೀರು ಇದೆಯೋ ಇಲ್ಲವೋ ಹೇಳಬಹುದು, ಹರವು ಹತ್ತು ಶೇಕಡಾ ಇಳಿಯಿತು ಎಂದು ಹೇಳಲಾಗದು. ಅರ್ಧ ಹೆಕ್ಟೇರಿಗಿಂತ ಚಿಕ್ಕದಾದ ಹೊಂಡಗಳಿಗೆ ಸೆಂಟಿನೆಲ್-2ರಲ್ಲೂ ಇದೇ ಮಿತಿ.

ನೀರಿನ ಹರವನ್ನು ಅಳೆಯುವ ಕ್ರಮ ಏನು?

ಸೆಂಟಿನೆಲ್-2ರ ಎಲ್2ಎ ಹಂತದ ಚಿತ್ರ ಇಳಿಸಿಕೊಳ್ಳಿ. ಇದರಲ್ಲಿ ಗಾಳಿಯ ಮಬ್ಬನ್ನು ಕಳೆದು ನೆಲದ ಪ್ರತಿಫಲನವನ್ನೇ ಕೊಟ್ಟಿರುತ್ತಾರೆ. ಹುಡುಕುವಾಗ ಮೋಡದ ಶೇಕಡಾವಾರು ಮಿತಿಯನ್ನು ತೀರಾ ಬಿಗಿ ಮಾಡಬೇಡಿ. ಆ ಸಂಖ್ಯೆ ಸುಮಾರು 110 ಕಿಲೋಮೀಟರ್ ಚೌಕದ ಇಡೀ ತುಣುಕಿಗೆ ಸೇರಿದ್ದು. ತುಣುಕಿನಲ್ಲಿ 60 ಶೇಕಡಾ ಮೋಡವಿದ್ದರೂ ನಿಮ್ಮ ಕೆರೆಯ ಮೇಲೆ ಆಕಾಶ ತಿಳಿಯಾಗಿರಬಹುದು. ಎರಡೇ ಶೇಕಡಾ ಇದ್ದ ದಿನ ಆ ಎರಡು ಶೇಕಡಾ ನಿಮ್ಮ ಕೆರೆಯ ಮೇಲೇ ಕೂತಿರಬಹುದು. ಮುನ್ನೋಟದ ಚಿತ್ರ ನೋಡಿಯೇ ಆರಿಸಿ.

ಕ್ಯೂಜಿಐಎಸ್‌ಗೆ ಬಿ3 (ಹಸಿರು), ಬಿ8 (ಸಮೀಪ ಅವಗೆಂಪು) ಮತ್ತು ಎಸ್‌ಸಿಎಲ್ ಎಂಬ ವರ್ಗೀಕರಣ ಪದರ ಸೇರಿಸಿ. ಕೆರೆಯ ಗಡಿಯ ಸುತ್ತ 200 ಮೀಟರ್ ಹೆಚ್ಚು ಜಾಗ ಬಿಟ್ಟು ಕತ್ತರಿಸಿಕೊಳ್ಳಿ. ಸರಿಯಾಗಿ ಗಡಿಗೇ ಕತ್ತರಿಸಿದರೆ ಹೋಲಿಸಲು ನೆಲವೇ ಉಳಿಯುವುದಿಲ್ಲ, ಗಡಿ ಮೌಲ್ಯ, ಅಂದರೆ ಸೂಚ್ಯಂಕ ಎಷ್ಟಕ್ಕಿಂತ ಮೇಲಿದ್ದರೆ ನೀರು ಎಂಬ ಅಂಕಿ, ಗುರುತಿಸುವುದು ಕಷ್ಟ. ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ (ಬಿ3 − ಬಿ8) ÷ (ಬಿ3 + ಬಿ8) ಎಂದು ಬರೆದು ಲೆಕ್ಕ ಮಾಡಿಸಿ. 2022ರ ಜನವರಿ 25ರಿಂದೀಚಿನ ಚಿತ್ರವಾದರೆ ಮೊದಲು ಎರಡೂ ಬ್ಯಾಂಡ್‌ಗಳಿಂದ 1000 ಕಳೆಯಬೇಕು, ಕಾರಣ ಮುಂದಿದೆ. ಎಸ್‌ಸಿಎಲ್‌ನಲ್ಲಿ 3 ಮೋಡದ ನೆರಳು, 8 ಮತ್ತು 9 ಮೋಡ, 10 ತೆಳು ಮೋಡ. ಇವನ್ನು ಮರೆಮಾಡಿ. ಆದರೆ ಈ ಪದರ 20 ಮೀಟರ್‌ನದು, ಕಪ್ಪಗಿನ ನೀರನ್ನು ಕೆಲವೊಮ್ಮೆ ನೆರಳೆಂದೇ ಗುರುತಿಸುತ್ತದೆ. ಕುರುಡಾಗಿ ನಂಬಿದರೆ ಕೆರೆಯ ನಡುಮಧ್ಯೆ ತೂತು ಬೀಳುತ್ತದೆ.

ಆಮೇಲೆ ಗಡಿ ಮೌಲ್ಯ ಹಾಕಿ ನೀರಿಗೆ 1, ಉಳಿದದ್ದಕ್ಕೆ 0 ಕೊಡಿ. ನಾಲ್ಕೈದು ಪಿಕ್ಸೆಲ್‌ಗಿಂತ ಚಿಕ್ಕ ಚುಕ್ಕೆಗಳನ್ನು ಸೀವ್ ಸಾಧನದಿಂದ ತೆಗೆಯಿರಿ. ಉಳಿದ ಪಿಕ್ಸೆಲ್ ಎಣಿಸಿ ನೂರರಿಂದ ಭಾಗಿಸಿದರೆ ಹೆಕ್ಟೇರು ಸಿಕ್ಕಿತು. ಪದರ ಯುಟಿಎಂ ಪ್ರಕ್ಷೇಪದಲ್ಲಿ, ಅಂದರೆ ಮೀಟರ್ ಲೆಕ್ಕದಲ್ಲಿ ಇದೆಯೇ ನೋಡಿ. ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲಿದ್ದರೆ ಎಣಿಕೆಗೆ ಅರ್ಥವೇ ಇಲ್ಲ.

ಗಡಿ ಮೌಲ್ಯ ಸೊನ್ನೆ ಎಂದು ಓದಿದ್ದೇವೆ. ಅದನ್ನೇ ಇಟ್ಟುಕೊಳ್ಳಬಹುದೆ?

ಶುರುವಿಗೆ ಸರಿ. ಆದರೆ ಕೆಂಪು ಮಣ್ಣು ಕದಡಿದ ನೀರು ಅವಗೆಂಪಿನಲ್ಲೂ ಸ್ವಲ್ಪ ಹೊಳೆಯುತ್ತದೆ, ಸೂಚ್ಯಂಕ ಸೊನ್ನೆಗಿಂತ ಕೆಳಗೆ ಜಾರಬಹುದು. ಕಟ್ಟಡಗಳು ದಟ್ಟವಾಗಿರುವ ಕಡೆ ಕೆಲವು ಛಾವಣಿಗಳು ಸೊನ್ನೆಗಿಂತ ಮೇಲೆ ಬರುತ್ತವೆ. ಹಿಸ್ಟೋಗ್ರಾಮ್ (ಯಾವ ಬೆಲೆ ಎಷ್ಟು ಪಿಕ್ಸೆಲ್‌ಗೆ ಬಂದಿದೆ ಎಂಬ ರೇಖಾಚಿತ್ರ) ತೆರೆದು ನೋಡಿ: ನೆಲದ್ದೊಂದು ಗುಡ್ಡ, ನೀರಿನದೊಂದು ಗುಡ್ಡ, ನಡುವೆ ಕಣಿವೆ. ಕಣಿವೆಯ ತಳವೇ ಗಡಿ. ಈ ಕಣಿವೆಯನ್ನು ತಾನಾಗಿ ಹುಡುಕುವ ಓಟ್ಸು ವಿಧಾನ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಕತ್ತರಿಸಿದ ಚಿತ್ರದಲ್ಲಿ ನೀರು ಮತ್ತು ನೆಲ ಎರಡೂ ಸಾಕಷ್ಟು ಇರಬೇಕು. ನೂರರಲ್ಲಿ ಎರಡು ಪಾಲು ಮಾತ್ರ ನೀರಿದ್ದರೆ ಅದು ಮಣ್ಣನ್ನೂ ಗಿಡವನ್ನೂ ಬೇರ್ಪಡಿಸಿ, ಅದೇ ನೀರಿನ ಗಡಿ ಎಂದು ಕೊಟ್ಟುಬಿಡುತ್ತದೆ.

ಕಟ್ಟಡ ಮತ್ತು ಬರಿನೆಲ ಹೆಚ್ಚಿದ್ದರೆ ಸಮೀಪ ಅವಗೆಂಪಿನ ಬದಲು ಕಿರುತರಂಗ ಅವಗೆಂಪು (ಬಿ11) ಬಳಸುವ ಎಂಎನ್‌ಡಿಡಬ್ಲ್ಯುಐ ಉತ್ತಮ. ಬಿ11 ಮೂಲದಲ್ಲಿ 20 ಮೀಟರ್ ಎಂಬುದು ನೆನಪಿರಲಿ. 10 ಮೀಟರಿಗೆ ಹಿಗ್ಗಿಸಿದ ಮಾತ್ರಕ್ಕೆ ಅಂಚು ಚುರುಕಾಗುವುದಿಲ್ಲ.

ಎನ್‌ಡಿಡಬ್ಲ್ಯುಐಗೆ ಬೇರೆಯದೇ ಸೂತ್ರ ಕಂಡೆವು. ಯಾವುದು ಸರಿ?

ಎರಡೂ ಸರಿ, ಕೆಲಸ ಬೇರೆ. 1996ರಲ್ಲೇ ಎರಡು ಸೂಚ್ಯಂಕಗಳಿಗೆ ಒಂದೇ ಹೆಸರು ಬಿತ್ತು. ಮ್ಯಾಕ್‌ಫೀಟರ್ಸ್ ಅವರದ್ದು ಹಸಿರು ಮತ್ತು ಸಮೀಪ ಅವಗೆಂಪು ಬಳಸುತ್ತದೆ, ತೆರೆದ ನೀರನ್ನು ತೋರಿಸುತ್ತದೆ. ಗಾವ್ ಅವರದ್ದು ಸಮೀಪ ಅವಗೆಂಪು ಮತ್ತು ಕಿರುತರಂಗ ಅವಗೆಂಪು ಬಳಸುತ್ತದೆ, ಎಲೆಗಳೊಳಗಿನ ತೇವವನ್ನು ತೋರಿಸುತ್ತದೆ. ಸಿದ್ಧ ನಕ್ಷೆ ಇಳಿಸಿಕೊಂಡಾಗ ಇದು ಯಾರ ಸೂತ್ರ ಎಂದು ಮೊದಲು ನೋಡಿ. ಎರಡನೆಯದರಲ್ಲಿ ಹಚ್ಚಹಸಿರು ತೋಟವೂ ದೊಡ್ಡ ಸಂಖ್ಯೆ ತೋರಿಸುತ್ತದೆ, ಅದನ್ನು ನೀರೆಂದು ಓದಿದರೆ ಇಡೀ ನಕ್ಷೆಯೇ ಕೆಟ್ಟಂತೆ.

2022ರ ಜನವರಿಯ ನಂತರ ಎಲ್ಲ ಕೆರೆಗಳೂ ಒಮ್ಮೆಲೇ ಕುಗ್ಗಿದಂತೆ ಕಾಣುತ್ತಿವೆ. ಏಕೆ?

ಕೆರೆಗಳು ಕುಗ್ಗಿಲ್ಲ, ಕಡತದ ಲೆಕ್ಕ ಬದಲಾಗಿದೆ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಹೊಸ ಸಂಸ್ಕರಣೆಯಲ್ಲಿ ಪ್ರತಿ ಪಿಕ್ಸೆಲ್‌ನ ಸಂಖ್ಯೆಗೆ 1000 ಸೇರಿಸಲಾಗಿದೆ. ಅದನ್ನು ಕಳೆದು 10,000ದಿಂದ ಭಾಗಿಸಿದರೆ ಮಾತ್ರ ಪ್ರತಿಫಲನ ಸಿಗುತ್ತದೆ. ಸೂಚ್ಯಂಕ ಭಾಗಾಕಾರವಾದ್ದರಿಂದ 1000 ತಾನಾಗಿ ಹೊಡೆದುಹೋಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಮೇಲಿನ ಕಳೆಯುವ ಭಾಗದಲ್ಲಿ ಹೌದು, ಕೆಳಗಿನ ಕೂಡುವ ಭಾಗದಲ್ಲಿ ಇಲ್ಲ.

ನೀರಿನ ಒಂದು ಪಿಕ್ಸೆಲ್‌ನಲ್ಲಿ ಹಸಿರು 600, ಅವಗೆಂಪು 300 ಎಂದಿಟ್ಟುಕೊಳ್ಳಿ. ಸೂಚ್ಯಂಕ 300 ÷ 900 = 0.33. ಅದೇ ನೀರು ಹೊಸ ಕಡತದಲ್ಲಿ 1600 ಮತ್ತು 1300 ಎಂದಿರುತ್ತದೆ. ಕಳೆಯದೆ ಲೆಕ್ಕ ಹಾಕಿದರೆ 300 ÷ 2900 = 0.10. ಗಡಿ ಮೌಲ್ಯ 0.2 ಇಟ್ಟಿದ್ದರೆ ತುಂಬಿದ ಕೆರೆಯೇ ನಕ್ಷೆಯಿಂದ ಮಾಯ. ಚಿತ್ರ ಇಳಿಸಿಕೊಳ್ಳದೆ ಅಂತರ್ಜಾಲದಲ್ಲೇ ಲೆಕ್ಕ ಹಾಕುವ ಗೂಗಲ್ ಅರ್ಥ್ ಎಂಜಿನ್ ಬಳಸುವವರು ಹೆಸರಿನಲ್ಲಿ ‘ಹಾರ್ಮೊನೈಸ್ಡ್’ ಎಂದಿರುವ ಸಂಗ್ರಹವನ್ನೇ ಆರಿಸಿದರೆ ಈ ತೊಡಕಿಲ್ಲ. ಲ್ಯಾಂಡ್‌ಸ್ಯಾಟ್‌ನ ಎರಡನೇ ಸಂಗ್ರಹದ ಎರಡನೇ ಹಂತದ (ಕಲೆಕ್ಷನ್ 2, ಲೆವೆಲ್ 2) ಚಿತ್ರಗಳಿಗೂ ಇಂಥದೇ ಪರಿವರ್ತನೆ ಇದೆ: ಸಂಖ್ಯೆಯನ್ನು 0.0000275ರಿಂದ ಗುಣಿಸಿ 0.2 ಕಳೆಯಬೇಕು.

ಕೆರೆ ತುಂಬಿ ಕೋಡಿ ಬಿದ್ದಿದೆ, ನಕ್ಷೆಯಲ್ಲಿ ಮಾತ್ರ ಅರ್ಧ ಕೆರೆಯೇ ಇಲ್ಲ!

ಮೊದಲ ಅನುಮಾನ ಜಲಕಳೆಯ ಮೇಲೆ. ಅಂತರಗಂಗೆಯಂಥ ತೇಲುವ ಕಳೆ ಹಬ್ಬಿದ ಕಡೆ ಉಪಗ್ರಹಕ್ಕೆ ಕಾಣುವುದು ಎಲೆ, ನೀರಲ್ಲ. ಆ ಭಾಗದಲ್ಲಿ ಹಸಿರಿನ ಸೂಚ್ಯಂಕವಾದ ಎನ್‌ಡಿವಿಐ 0.5ಕ್ಕಿಂತ ಮೇಲಿದ್ದು, ಹೊಲಗದ್ದೆಗಳಂತೆಯೇ ಮಿನುಗುತ್ತದೆ. ಕಳೆಗೂ ದಡದ ಬೆಳೆಗೂ ವ್ಯತ್ಯಾಸ ತಿಳಿಯಲು ಹದಿನೈದು ದಿನದ ಅಂತರದ ಎರಡು ಮೂರು ಚಿತ್ರ ಪಕ್ಕದಲ್ಲಿಟ್ಟು ನೋಡಿ. ತೇಲುವ ಕಳೆ ಗಾಳಿಗೆ ಸಿಕ್ಕಿ ಒಂದು ದಡದಿಂದ ಇನ್ನೊಂದಕ್ಕೆ ಸರಿಯುತ್ತದೆ, ಬೆಳೆ ಇದ್ದಲ್ಲೇ ಇರುತ್ತದೆ.

ಹಾಗಾಗಿ ಲೆಕ್ಕ ಹಾಕುವಾಗ ಮೂರು ವರ್ಗ ಇಟ್ಟುಕೊಳ್ಳುವುದು ಒಳ್ಳೆಯದು: ತೆರೆದ ನೀರು, ಕಳೆ ಮುಚ್ಚಿದ ನೀರು, ಒಣ ಪಾತ್ರ. ಕೆರೆಯ ಪೂರ್ಣ ಮಟ್ಟದ ಗಡಿಯೊಳಗೆ ಎನ್‌ಡಿವಿಐ ಹೆಚ್ಚಿರುವ ಭಾಗವನ್ನು ‘ಒಣಗಿದೆ’ ಎಂದು ಬರೆದರೆ ಎರಡು ಪಟ್ಟು ತಪ್ಪು. ನೀರಿದ್ದೂ ಇಲ್ಲವೆಂದಂತೆ, ಕಳೆಯ ಕಾಟವಿದ್ದೂ ಅದನ್ನು ಮುಚ್ಚಿಟ್ಟಂತೆ. ಕಳೆ ದಟ್ಟವಾಗುವುದು ಸಾಮಾನ್ಯವಾಗಿ ಕೊಳಚೆ ಅಥವಾ ಗೊಬ್ಬರದ ಅಂಶ ಸೇರುವ ಕಡೆ. ವರ್ಷದುದ್ದಕ್ಕೂ ಕಳೆ ಮೊದಲು ಎಲ್ಲಿ ಹುಟ್ಟುತ್ತದೆ ಎಂದು ನಕ್ಷೆಯಲ್ಲಿ ಗುರುತಿಸಿದರೆ, ಯಾವ ಕಾಲುವೆಯನ್ನು ಮೊದಲು ಪರೀಕ್ಷಿಸಬೇಕು ಎಂಬುದರ ಸುಳಿವು ಸಿಗುತ್ತದೆ. ನಮ್ಮ ಮಟ್ಟಿಗೆ ಉಪಗ್ರಹ ಚಿತ್ರದ ಅತ್ಯಂತ ಉಪಯುಕ್ತ ಬಳಕೆಗಳಲ್ಲಿ ಇದೂ ಒಂದು.

ಕಳೆ ಇಲ್ಲದಿದ್ದರೆ ನೀರಿನ ಮೇಲೆ ಬಿಸಿಲಿನ ಝಳಪು ಇದೆಯೇ, ತೆಳು ಮೋಡ ಇದೆಯೇ ನೋಡಿ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೋಡ. ಆಗೇನು ಮಾಡುವುದು?

ಸೆಂಟಿನೆಲ್-1 ಬಳಸಿ. ಇದು ತಾನೇ 5.6 ಸೆಂಟಿಮೀಟರ್ ಅಲೆಯನ್ನು ಕಳಿಸಿ, ಮರಳಿ ಬಂದದ್ದನ್ನು ಅಳೆಯುತ್ತದೆ. ಮೋಡ, ಕತ್ತಲೆ ಯಾವುದೂ ಅಡ್ಡಿಯಲ್ಲ. ನಿಶ್ಚಲ ನೀರು ಕನ್ನಡಿಯಂತೆ ಅಲೆಯನ್ನು ಆಚೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಚಿತ್ರವನ್ನು ಮಾಪನಕ್ಕೆ ಸರಿಹೊಂದಿಸಿ, 5×5 ಅಥವಾ 7×7ರ ಲೀ ಶೋಧಕದಿಂದ ಕಾಳುಕಾಳಾದ ಗದ್ದಲ ಕಳೆದು, ಭೂರೂಪಕ್ಕೆ ತಿದ್ದಿ, ಡೆಸಿಬೆಲ್‌ಗೆ ಬದಲಿಸಿ. ಯೂರೋಪಿನ ಬಾಹ್ಯಾಕಾಶ ಸಂಸ್ಥೆಯ ಉಚಿತ ಸ್ನ್ಯಾಪ್ ತಂತ್ರಾಂಶದಲ್ಲಿ ಇವೆಲ್ಲ ಒಂದರ ಹಿಂದೊಂದು ಮಾಡಬಹುದು. ವಿವಿ ಧ್ರುವೀಕರಣದಲ್ಲಿ (ಲಂಬವಾಗಿ ಕಂಪಿಸುವ ಅಲೆ ಕಳಿಸಿ ಲಂಬವಾಗಿಯೇ ಪಡೆಯುವುದು) ನೀರಿನ ಗಡಿ ಸಾಮಾನ್ಯವಾಗಿ −15ರಿಂದ −18 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ. ಇಲ್ಲಿಯೂ ಹಿಸ್ಟೋಗ್ರಾಮ್ ನೋಡಿಯೇ ಇಡಬೇಕು.

ಎಡವುವುದು ಎಲ್ಲಿ? ಜೋರು ಗಾಳಿಗೆ ನೀರು ಅಲೆಯೆದ್ದರೆ ಹೊಳೆಯತೊಡಗುತ್ತದೆ, ನಕ್ಷೆಯಲ್ಲಿ ನೀರು ಕಡಿಮೆಯಾಗುತ್ತದೆ. ಆಗ ವಿಎಚ್ ಧ್ರುವೀಕರಣ (ಲಂಬವಾಗಿ ಕಳಿಸಿ ಅಡ್ಡವಾಗಿ ಪಡೆಯುವುದು) ಸ್ವಲ್ಪ ಹೆಚ್ಚು ನಂಬಲರ್ಹ. ಒಣ ಮರಳು, ಡಾಂಬರು ರಸ್ತೆ, ಗುಡ್ಡದ ರಾಡಾರ್ ನೆರಳು ನೀರಿನಷ್ಟೇ ಕಪ್ಪಗೆ ಕಾಣುತ್ತವೆ; ಇಳಿಜಾರು 5 ಡಿಗ್ರಿಗಿಂತ ಹೆಚ್ಚಿರುವ ಜಾಗವನ್ನು ಎತ್ತರದ ನಕ್ಷೆ ಬಳಸಿ ಮೊದಲೇ ತೆಗೆದುಹಾಕಿದರೆ ಅರ್ಧ ತಪ್ಪು ಹೋಗುತ್ತದೆ. ನೆರೆ ನೀರಿನಲ್ಲಿ ನಿಂತ ಮರಗಳು ಇದಕ್ಕೆ ಉಲ್ಟಾ: ಅಲೆ ನೀರಿಗೂ ಕಾಂಡಕ್ಕೂ ಬಡಿದು ಮರಳುವುದರಿಂದ ಅಲ್ಲಿ ಅತಿ ಹೊಳಪು. ನೆರೆ ನಕ್ಷೆಯಲ್ಲಿ ತೋಪುಗಳು ಒಣಗಿದಂತೆ ಕಂಡರೆ ಕಾರಣ ಇದೇ.

ಹರವು ಗೊತ್ತಾಯಿತು. ನೀರು ಎಷ್ಟಿದೆ?

ಇಲ್ಲಿಂದ ನೆಲದ ಕೆಲಸ. ಕೆರೆಯಲ್ಲಿ ಒಂದು ಅಳತೆ ಪಟ್ಟಿ ನೆಡಿ, ತೂಬಿನ ಗೋಡೆಯಂಥ ಅಲುಗದ ಜಾಗದಲ್ಲಿ, ಸೆಂಟಿಮೀಟರ್ ಗುರುತಿನೊಂದಿಗೆ. ಉಪಗ್ರಹ ಹಾದುಹೋದ ದಿನವೇ ಮಟ್ಟ ಓದಿ ಬರೆದಿಡಿ. ಕೆರೆ ತುಂಬಿದಾಗಿನಿಂದ ಬತ್ತುವವರೆಗೆ ಎಂಟು ಹತ್ತು ಜೋಡಿ, ಅಂದರೆ ಮಟ್ಟ ಮತ್ತು ಹರವು, ಸಿಕ್ಕರೆ ಆ ಕೆರೆಯ ಕೋಷ್ಟಕ ಸಿದ್ಧವಾಯಿತು.

ಎರಡು ಮಟ್ಟಗಳ ನಡುವಿನ ನೀರಿನ ಲೆಕ್ಕ ಹೀಗೆ: ಎರಡು ಹರವುಗಳನ್ನು ಕೂಡಿ, ಅವುಗಳ ಗುಣಲಬ್ಧದ ವರ್ಗಮೂಲವನ್ನೂ ಸೇರಿಸಿ, ಮೂರರಿಂದ ಭಾಗಿಸಿ, ಮಟ್ಟದ ಅಂತರದಿಂದ ಗುಣಿಸಿ. ಮಟ್ಟ 102 ಮೀಟರ್ ಇದ್ದಾಗ 40 ಹೆಕ್ಟೇರು, 101ಕ್ಕೆ ಇಳಿದಾಗ 30 ಹೆಕ್ಟೇರು ಎನ್ನಿ. 40 + 30 + 34.64 ಅಂದರೆ 104.64. ಮೂರರಿಂದ ಭಾಗಿಸಿದರೆ 34.88 ಹೆಕ್ಟೇರ್-ಮೀಟರ್. ಒಂದು ಹೆಕ್ಟೇರ್-ಮೀಟರ್ ಎಂದರೆ 10,000 ಘನ ಮೀಟರ್, ಅಂದರೆ ಒಂದು ಕೋಟಿ ಲೀಟರ್. ಹಾಗಾಗಿ ಆ ಒಂದು ಮೀಟರಿನಲ್ಲಿ ಇಳಿದದ್ದು ಸುಮಾರು 34.88 ಕೋಟಿ ಲೀಟರ್.

ನೋಡಿದ ಅತಿ ಕೆಳಗಿನ ಮಟ್ಟಕ್ಕಿಂತ ಅಡಿಯಲ್ಲಿ ಎಷ್ಟಿದೆ ಎಂದು ಈ ವಿಧಾನ ಹೇಳದು. ಅದಕ್ಕೆ ದೋಣಿಯಲ್ಲಿ ಹೋಗಿ ಭಾರ ಕಟ್ಟಿದ ಹಗ್ಗದಿಂದಲೋ ಸದ್ದು ಕಳಿಸಿ ಅಳೆಯುವ ಎಕೋಸೌಂಡರ್‌ನಿಂದಲೋ ಆಳ ಅಳೆಯಬೇಕು. ಉಪಗ್ರಹದ ಎತ್ತರದ ನಕ್ಷೆಯಿಂದ ಆಳ ತೆಗೆಯಲು ಹೋಗಬೇಡಿ. 2000ದ ಫೆಬ್ರುವರಿಯಲ್ಲಿ 11 ದಿನಗಳಲ್ಲಿ ಅಳೆದ ಎಸ್‌ಆರ್‌ಟಿಎಂ ನಕ್ಷೆಯಲ್ಲಿ ಕೆರೆಗಳು ಆ ದಿನದ ನೀರಿನ ಮಟ್ಟದಲ್ಲಿ ಚಪ್ಪಟೆಯಾಗಿವೆ, ತಳ ಅದರಲ್ಲಿ ಇಲ್ಲವೇ ಇಲ್ಲ.

ಕೋಷ್ಟಕ ಹಳತಾಗುತ್ತದೆ ಎನ್ನುವುದನ್ನೂ ಮರೆಯಬಾರದು. ಹೂಳು ತುಂಬಿದಂತೆ ಅದೇ ಮಟ್ಟದಲ್ಲಿ ಹರವು ಕಿರಿದಾಗುತ್ತದೆ. ಹತ್ತು ವರ್ಷದ ಅಂತರದಲ್ಲಿ ಒಂದೇ ಮಟ್ಟದ ಎರಡು ಚಿತ್ರ ಹೋಲಿಸಿದರೆ ಹೂಳು ಎಲ್ಲಿ ಕೂತಿದೆ ಎಂದು ಅಂಚಿನಲ್ಲೇ ಕಾಣುತ್ತದೆ.

ನೀರಿನ ಮಟ್ಟವನ್ನೇ ಅಳೆಯುವ ಉಪಗ್ರಹಗಳಿಲ್ಲವೆ?

ಇವೆ. 2022ರ ಡಿಸೆಂಬರ್‌ನಲ್ಲಿ ಹಾರಿದ ಸ್ವಾಟ್ ಉಪಗ್ರಹ ಈ ಕೆಲಸಕ್ಕೇ ಹುಟ್ಟಿದ್ದು. ಸುಮಾರು 100 ಮೀಟರ್‌ಗಿಂತ ಅಗಲವಾದ ನದಿ, 250 ಮೀಟರ್ ಚೌಕಕ್ಕಿಂತ ದೊಡ್ಡ ಕೆರೆ ಅದರ ಗುರಿ. 21 ದಿನಗಳ ಆವರ್ತ. ಐಸ್‌ಸ್ಯಾಟ್-2 ಹಸಿರು ಲೇಸರ್‌ನಿಂದ ಅಳೆಯುತ್ತದೆ, ತಿಳಿನೀರಿನಲ್ಲಿ ಆಳವಿಲ್ಲದ ತಳವನ್ನೂ ಮುಟ್ಟುತ್ತದೆ, ಆದರೆ ಅದರ ಕಿರಿದಾದ ಜಾಡು ನಿಮ್ಮ ಕೆರೆಯ ಮೇಲೆ ಹಾದಿದ್ದರೆ ಮಾತ್ರ. ಸಣ್ಣ ಕೆರೆಗೆ ಅಳತೆ ಪಟ್ಟಿಯೇ ದೊಡ್ಡ ಆಸರೆ.

ನೀರು ಕುಡಿಯಲು ಯೋಗ್ಯವೇ ಎಂದು ಉಪಗ್ರಹದಿಂದ ತಿಳಿಯಬಹುದೆ?

ಇಲ್ಲ. ಯಾರಾದರೂ ಹೌದೆಂದರೆ ನಂಬಬೇಡಿ. ಬೆಳಕಿನ ಬಣ್ಣವನ್ನು ಬದಲಿಸುವ ವಸ್ತುಗಳು ಮಾತ್ರ ಉಪಗ್ರಹಕ್ಕೆ ಗೊತ್ತಾಗುತ್ತವೆ: ಕದಡಿದ ಮಣ್ಣು, ಪಾಚಿಯ ಹರಿತ್ತು, ಕೊಳೆತ ಎಲೆಗಳಿಂದ ಬರುವ ಕಂದು ಬಣ್ಣ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ರೋಗಾಣು ಯಾವುದಕ್ಕೂ ಹೀಗೆ ಕಾಣುವ ಬಣ್ಣವಿಲ್ಲ. ಅವಕ್ಕೆ ಪ್ರಯೋಗಾಲಯವೇ ಗತಿ.

ಪಾಚಿಯ ವಿಷಯದಲ್ಲಿ ಮಾತ್ರ ಉಪಗ್ರಹ ಒಳ್ಳೆಯ ಕಾವಲುಗಾರ. ಸೆಂಟಿನೆಲ್-2ರ ಬಿ5 (ಸುಮಾರು 705 ನ್ಯಾನೋಮೀಟರ್) ಮತ್ತು ಬಿ4 (665) ಬ್ಯಾಂಡ್‌ಗಳಿಂದ ಎನ್‌ಡಿಸಿಐ ಎಂಬ ಸೂಚ್ಯಂಕ ತೆಗೆಯಬಹುದು. ಪಾಚಿ ಹೆಚ್ಚಿದಂತೆ ಅದು ಏರುತ್ತದೆ. ದೊಡ್ಡ ಜಲಾಶಯಕ್ಕೆ ಸೆಂಟಿನೆಲ್-3 ಉತ್ತಮ. ಅದರ ಪಿಕ್ಸೆಲ್ 300 ಮೀಟರ್ ಆದರೂ 21 ಬ್ಯಾಂಡ್‌ಗಳಿವೆ; ವಿಷಕಾರಿಯಾಗಬಲ್ಲ ನೀಲಿ-ಹಸಿರು ಪಾಚಿಯ ವರ್ಣದ್ರವ್ಯ ಬೆಳಕು ಹೀರುವ 620 ನ್ಯಾನೋಮೀಟರ್ ಬ್ಯಾಂಡ್ ಅದರಲ್ಲಿದೆ, ಸೆಂಟಿನೆಲ್-2ರಲ್ಲಿ ಇಲ್ಲ.

ಸೂಚ್ಯಂಕವನ್ನು ನಿಜವಾದ ಪ್ರಮಾಣಕ್ಕೆ ಬದಲಿಸಬೇಕಾದರೆ ನೀರಿನ ಮಾದರಿ ಬೇಕು. ಉಪಗ್ರಹ ಹಾದುಹೋಗುವ ಹೊತ್ತಿನಿಂದ ಮೂರು ಗಂಟೆ ಆಚೀಚೆಯೊಳಗೆ, ದಡದಿಂದ ಕನಿಷ್ಠ ಮೂರು ನಾಲ್ಕು ಪಿಕ್ಸೆಲ್ ದೂರದಲ್ಲಿ, ತಳ ಕಾಣದಷ್ಟು ಆಳದಲ್ಲಿ ಮಾದರಿ ತೆಗೆಯಿರಿ. ಸೆಂಟಿನೆಲ್-2 ಹಾಯುವುದು ಸ್ಥಳೀಯ ಸೌರಮಾನದ ಬೆಳಿಗ್ಗೆ ಸುಮಾರು ಹತ್ತೂವರೆಗೆ. 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳುಪು ಸೆಕ್ಕಿ ತಟ್ಟೆಯನ್ನು ಹಗ್ಗದಲ್ಲಿ ಇಳಿಸಿ, ಅದು ಮರೆಯಾಗುವ ಆಳವನ್ನೂ ಬರೆದುಕೊಳ್ಳಿ. ಒಂದು ಕೆರೆಯಲ್ಲಿ ಸಿಕ್ಕ ಸಮೀಕರಣವನ್ನು ಪಕ್ಕದ ಕೆರೆಗೆ ಹಾಗೇ ಹಚ್ಚಬೇಡಿ. ಮಣ್ಣು ಬೇರೆ, ಪಾಚಿ ಬೇರೆ.

ಅಂತರ್ಜಲ ಎಲ್ಲಿದೆ, ಎಷ್ಟಿದೆ ಎಂದು ಉಪಗ್ರಹ ತೋರಿಸುತ್ತದೆಯೆ?

ಕೊಳವೆಬಾವಿಗೆ ಜಾಗ ತೋರಿಸುವ ಉಪಗ್ರಹ ಇಲ್ಲ. ಗ್ರೇಸ್ ಎಂಬ ಜೋಡಿ ಉಪಗ್ರಹಗಳು 2002ರಿಂದ 2017ರವರೆಗೆ, ಅವುಗಳ ಮುಂದುವರಿಕೆ 2018ರಿಂದ, ಭೂಮಿಯ ಗುರುತ್ವದ ಸಣ್ಣ ಏರಿಳಿತ ಅಳೆಯುತ್ತಿವೆ. ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಹಾರುವ ಇವು, ಕೆಳಗಿನ ದ್ರವ್ಯರಾಶಿ ಬದಲಾದಾಗ ಪರಸ್ಪರ ಹತ್ತಿರವಾಗುವುದು, ದೂರವಾಗುವುದನ್ನು ಗುರುತಿಸುತ್ತವೆ. ಅದರಿಂದ ಸಿಗುವುದು ಕೆರೆ, ಮಣ್ಣು, ಹಿಮ, ಅಂತರ್ಜಲ ಎಲ್ಲ ಸೇರಿದ ಒಟ್ಟು ನೀರಿನ ಬದಲಾವಣೆ. ಉಳಿದವನ್ನು ಕಳೆದರೆ ಅಂತರ್ಜಲ. ನೋಟ ಕೆಲವು ನೂರು ಕಿಲೋಮೀಟರ್ ವಿಸ್ತಾರದ್ದು. ದೊಡ್ಡ ನದಿ ಕೊಳ್ಳದ ಅಂತರ್ಜಲ ಬರಿದಾಗುತ್ತಿದೆಯೇ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ, ಒಂದು ಹೊಲದ ಬಗ್ಗೆ ಏನನ್ನೂ ಹೇಳದು.

ಅತಿಯಾಗಿ ನೀರೆತ್ತಿದ ಕಡೆ ಜೇಡಿ ಪದರಗಳು ಕುಸಿದು ನೆಲ ಇಳಿಯುತ್ತದೆ. ಅದನ್ನು ಎರಡು ದಿನಾಂಕದ ರಾಡಾರ್ ಅಲೆಗಳ ಹಂತ (ಅಲೆಯ ಏರಿಳಿತದಲ್ಲಿನ ಸ್ಥಾನ) ಹೋಲಿಸಿ ಸೆಂಟಿಮೀಟರ್‌ಗಿಂತ ಸೂಕ್ಷ್ಮವಾಗಿ ಅಳೆಯಬಹುದು. ಮೆಕ್ಸಿಕೋ ನಗರದ ಕೆಲವು ಭಾಗ ವರ್ಷಕ್ಕೆ ಸುಮಾರು 50 ಸೆಂಟಿಮೀಟರ್ ಇಳಿಯುತ್ತಿರುವುದು ಹೀಗೇ ದಾಖಲಾಗಿದೆ. ಗಟ್ಟಿ ಬಂಡೆಯ ಪ್ರದೇಶದಲ್ಲಿ ಅಂತರ್ಜಲ ಬರಿದಾದರೂ ನೆಲ ಇಳಿಯದು. ಅಲ್ಲಿ ತೆರೆದ ಬಾವಿಗಳ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ನಕ್ಷೆಗೆ ಏರಿಸುವುದೇ ದಾರಿ.

ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಗುರುತಿಸುವುದು ಹೇಗೆ?

30 ಮೀಟರ್‌ನ ಕೊಪರ್ನಿಕಸ್ ಎತ್ತರದ ನಕ್ಷೆ ತೆಗೆದುಕೊಂಡು, ಸುಳ್ಳು ಗುಂಡಿಗಳನ್ನು ತುಂಬಿಸಿ, ಹರಿವಿನ ದಿಕ್ಕು ತೆಗೆದು, ಹರಿವು ಎಲ್ಲಿ ಕೂಡುತ್ತದೆ ಎಂದು ಲೆಕ್ಕ ಹಾಕಿ, ಕೊನೆಗೆ ಕೆರೆಯ ಕೋಡಿಯ ಬಳಿ ಒಂದು ಬಿಂದು ಇಟ್ಟು ಜಲಾನಯನ ಬಿಡಿಸಬೇಕು. ಕ್ಯೂಜಿಐಎಸ್ ಒಳಗಿನ ಗ್ರಾಸ್ ಸಾಧನಗಳು ಇದನ್ನು ಮಾಡುತ್ತವೆ. ಇಡೀ ಜಲಾನಯನ ನಾಲ್ಕೈದು ಪಿಕ್ಸೆಲ್ ಆಗಿ ಬಂದರೆ ನಿಮ್ಮ ಬಿಂದು ಹಳ್ಳದ ಪಿಕ್ಸೆಲ್ ಬಿಟ್ಟು ಪಕ್ಕದಲ್ಲಿ ಕೂತಿದೆ ಎಂದರ್ಥ. ಹರಿವು ಹೆಚ್ಚು ಕೂಡಿದ ಪಿಕ್ಸೆಲ್ ಮೇಲೆ ಸರಿಯಾಗಿ ಇಡಿ.

ಸಮತಟ್ಟು ನೆಲದಲ್ಲಿ ಇನ್ನೊಂದು ಕಾಟ. ಎತ್ತರದ ನಕ್ಷೆಗೆ ರಸ್ತೆಯ ಏರಿ ಕಾಣುತ್ತದೆ, ಅದರಡಿಯ ಮೋರಿ ಕಾಣುವುದಿಲ್ಲ. ನೀರು ಏರಿಗುಂಟ ತಿರುಗಿ ಬೇರೆ ಕೆರೆಗೆ ಹೋದಂತೆ ಲೆಕ್ಕ ಬರುತ್ತದೆ. ಕಾಲುವೆಗುಂಟ ನಡೆದು ಮೋರಿಗಳನ್ನು ಗುರುತಿಸಿ, ಆ ಜಾಗದ ಎತ್ತರವನ್ನು ಕೈಯಾರೆ ತಗ್ಗಿಸಿ ಮತ್ತೆ ಲೆಕ್ಕ ಮಾಡಬೇಕು. ಮುಚ್ಚಿಹೋದ ಮೋರಿ, ತಿರುಗಿಸಿದ ಕಾಲುವೆ ಸಿಗುವುದೂ ಇದೇ ನಡಿಗೆಯಲ್ಲಿ. ಕೆರೆಯ ಸುತ್ತ ಬೇಲಿ ಹಾಕಿ ಅದರ ಕಾಲುವೆಗಳನ್ನು ಕಳೆದುಕೊಂಡರೆ ಉಳಿಯುವುದು ಬರೀ ಗುಂಡಿ.

ಒತ್ತುವರಿಗೆ ಉಪಗ್ರಹ ಚಿತ್ರ ಸಾಕ್ಷಿಯಾಗುತ್ತದೆಯೆ?

ಎಲ್ಲಿ ಅಳೆಯಬೇಕು ಎಂದು ತೋರಿಸುತ್ತದೆ, ಅಳತೆಯ ಬದಲಿಯಾಗುವುದಿಲ್ಲ. ಬರದ ವರ್ಷದ ನೀರಿನ ಅಂಚನ್ನು ಕೆರೆಯ ಗಡಿಯೆಂದು ಎಳೆಯುವುದು ದೊಡ್ಡ ತಪ್ಪು, ಕೆರೆಯ ಪಾಲಿಗೆ ದೊಡ್ಡ ಅನ್ಯಾಯ ಕೂಡ. 1984ರಿಂದಾಚೆಗಿನ ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ಯೂರೋಪಿನ ಜಂಟಿ ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ಜಾಗತಿಕ ಮೇಲ್ಮೈ ನೀರಿನ ನಕ್ಷೆ ಇದೆ; ಪ್ರತಿ 30 ಮೀಟರ್ ಚೌಕದಲ್ಲಿ ನೀರು ಎಷ್ಟು ಪಾಲು ಸಲ ಕಂಡಿದೆ ಎಂದು ಅದು ಹೇಳುತ್ತದೆ. ಒಮ್ಮೆಯಾದರೂ ನೀರು ನಿಂತ ಗರಿಷ್ಠ ಹರವು ಒಂದು ಕಡೆ, ಕೋಡಿಯ ಮಟ್ಟದ ಸಮೋನ್ನತ ರೇಖೆ ಇನ್ನೊಂದು ಕಡೆ, ಎರಡನ್ನೂ ಇಟ್ಟು ನೋಡಿ.

ಹಳೆಯ ಕಾಗದದ ನಕ್ಷೆ ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಎರಡರಲ್ಲೂ ಗುರುತು ಸಿಗುವ ಕನಿಷ್ಠ ಆರು ಬಿಂದು ಬೇಕು, ನಾಲ್ಕೂ ಮೂಲೆಗೆ ಹರಡಿರಬೇಕು. ಹಳೆಯ ಸೇತುವೆ, ಕಲ್ಲಿನ ಕಟ್ಟಡ, ರಸ್ತೆ ಕೂಡುವ ಜಾಗ ಆಗಬಹುದು. ನದಿಯ ತಿರುವು, ಮರ ಬೇಡ. 1:50,000 ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 25 ಮೀಟರ್. ಅಂಥ ಗೆರೆ ಹಿಡಿದು ಯಾರದೋ ಗೋಡೆ ಐದು ಮೀಟರ್ ಒಳಗಿದೆ ಎನ್ನಲಾಗದು. ಕೊನೆಯ ಗಡಿಗೆ ದೊಡ್ಡ ಪ್ರಮಾಣದ ಕಂದಾಯ ನಕ್ಷೆ ಮತ್ತು ಸೆಂಟಿಮೀಟರ್ ಮಟ್ಟದ ಜಿಪಿಎಸ್ ಮೋಜಣಿ ಎರಡೂ ಬೇಕು.

ಫೋನಿನ ಜಿಪಿಎಸ್ ಸಾಕೆ?

ಮೋರಿ, ಬಾವಿ, ಕೊಳಚೆ ಸೇರುವ ಬಾಯಿ ಗುರುತಿಸಲು ಸಾಕು. ತೆರೆದ ಆಕಾಶದಡಿ ಮೂರರಿಂದ ಐದು ಮೀಟರ್ ತಪ್ಪಿರಬಹುದು, ಮರದಡಿ ಇನ್ನೂ ಹೆಚ್ಚು. ಒಂದು ನಿಮಿಷ ನಿಂತು, ನಿಖರತೆಯ ಅಂಕಿ ಇಳಿದ ಮೇಲೆ ದಾಖಲಿಸಿ. ಡಿಗ್ರಿಯನ್ನು ದಶಮಾಂಶದ ಐದು ಸ್ಥಾನಗಳವರೆಗೆ ಬರೆಯಿರಿ. ಐದನೇ ಸ್ಥಾನ ಸುಮಾರು ಒಂದು ಮೀಟರ್. ನಕ್ಷೆಗೆ ಏರಿಸಿದಾಗ ಬಿಂದುಗಳು ಸಮುದ್ರದ ನಡುವೆ ಬಿದ್ದರೆ ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ.

ನಕ್ಷೆ ಎಷ್ಟು ಸರಿ ಎಂದು ಹೇಗೆ ಹೇಳುವುದು?

ನೀರು ಮತ್ತು ನೀರಲ್ಲದ ಭಾಗ ಎರಡರಲ್ಲೂ ತಲಾ 50 ಬಿಂದುಗಳನ್ನು ಯಾದೃಚ್ಛಿಕವಾಗಿ ಚೆಲ್ಲಿ, ಅದೇ ವಾರದ ಸೂಕ್ಷ್ಮ ಚಿತ್ರದಲ್ಲೋ ಸ್ಥಳದಲ್ಲೋ ಒಂದೊಂದಾಗಿ ಪರಿಶೀಲಿಸಿ. ಬಿಂದುಗಳನ್ನು ಕೆರೆಯ ನಡುವೆಯೇ ಇಟ್ಟರೆ 99 ಶೇಕಡಾ ಸರಿ ಬರುತ್ತದೆ, ಅದರಿಂದ ಏನೂ ತಿಳಿಯದು. ಅರ್ಧದಷ್ಟಾದರೂ ಅಂಚಿನಿಂದ 30 ಮೀಟರ್ ಒಳಗೆ ಇರಲಿ. ನೀರನ್ನು ನೆಲವೆಂದದ್ದು ಎಷ್ಟು, ನೆಲವನ್ನು ನೀರೆಂದದ್ದು ಎಷ್ಟು ಎಂದು ಬೇರೆ ಬೇರೆ ಬರೆಯಿರಿ.

ಹಾಗೆಯೇ ಪ್ರತಿ ನಕ್ಷೆಯ ಮೂಲೆಯಲ್ಲಿ ಚಿತ್ರದ ದಿನಾಂಕ, ಉಪಗ್ರಹ, ಸೂತ್ರ, ಗಡಿ ಮೌಲ್ಯ, ಮೋಡ ಮುಚ್ಚಿದ ಪಾಲು, ಅಂದಿನ ಅಳತೆ ಪಟ್ಟಿಯ ಓದು ಇರಲಿ. ‘ಹರವು 38 ಹೆಕ್ಟೇರು’ ಎಂದಷ್ಟೇ ಬರೆದರೆ ಮುಂದಿನ ವರ್ಷ ಬೇರೊಬ್ಬರು ಬೇರೆ ಗಡಿ ಮೌಲ್ಯದಿಂದ 35 ಎಂದು ಬರೆಯುತ್ತಾರೆ, ಮೂರು ಹೆಕ್ಟೇರು ಹೋದದ್ದು ಕೆರೆಯಿಂದಲೋ ಲೆಕ್ಕದಿಂದಲೋ ಯಾರಿಗೂ ತಿಳಿಯುವುದಿಲ್ಲ.